ಗುಜರಿಗೆ ಹಾಕಿದ ಪೆಟ್ಟಿಗೆ

ಸಿನೆಮಾ ಹುಚ್ಚಿನವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನನ್ನ ತಮ್ಮನೇ ಒಬ್ಬ ಇದ್ದ, ಪರೀಕ್ಷೆಯ ದಿನ ಮ್ಯಾಟಿನಿಗೆ ಹೋಗಿ ಕೂತು ಅಪ್ಪನ ಕೈಯಲ್ಲಿ ಒದೆ ತಿಂದವನು. ಆದರೆ ಥಿಯೇಟರಿನ ಮೆಟ್ಟಿಲನ್ನೇ ತುಳಿಯದ ಸಿನೆಮಾ ಹುಚ್ಚರು ನನಗೆ ಗೊತ್ತಿದ್ದಂತೆ ಒಬ್ಬರೇ. ಬರೋಡಾದ ಮಕರಪುರದಲ್ಲಿ, ಕಾರ್ಖಾನೆಗಳ ನಡುವೆ, ತಗಡಿನ ಮಾಡು ಹಾಕಿಕೊಂಡು ಇಡ್ಲಿ ದೋಸೆ ಮಾರುತ್ತಿದ್ದ ಕುಂದಾಪುರದ ಕಡೆಯ ಮನುಷ್ಯ. ಹೆಸರು ಬರೆಯುವುದಿಲ್ಲ. ಅವರು ಬದುಕಿದ್ದಾಗಲೂ ಯಾರೂ ಹೆಸರು ಹಿಡಿದು ಕರೆಯಲಿಲ್ಲ, ಎಲ್ಲರಿಗೂ ಅವರು ಅಣ್ಣ.

ಆ ಸಿನೆಮಾದ ಹೆಸರನ್ನೂ ಬರೆಯುವುದಿಲ್ಲ. ಈಚೆಗೆ ಒಂದು ವಾರಪತ್ರಿಕೆಯಲ್ಲಿ ಅದರ ಬಗ್ಗೆ ಪುಟಗಟ್ಟಲೆ ಬಂದಿತ್ತು. ಈಗ ಅದನ್ನು ಕಲ್ಟ್ ಸಿನೆಮಾ ಎನ್ನುತ್ತಾರಂತೆ, ಅದರ ಹೊರದೇಶದ ಪೋಸ್ಟರುಗಳಿಗೆ ಮುಗಿಬೀಳುವ ಜನ ಇದ್ದಾರಂತೆ. ಓದಿ ನನಗೆ ಮೈಯೆಲ್ಲ ಉರಿಯಿತು. ಹೆಸರು ಬರೆದರೆ ಯಾರಾದರೂ ಹುಡುಕಿಕೊಂಡು ಹೋಗಿ ಆ ಚಿತ್ರಗಳನ್ನು ನೋಡುತ್ತಾರೆ. ಹಾಗಾಗಬಾರದೆಂದೇ ಅಣ್ಣ ಜೀವ ತೇದರು. ನೀವು ಮೂಗು ಮುರಿದರೂ ಸರಿ, ನಾನು ಹೇಳುವುದಿಲ್ಲ.

ನನ್ನ ಗಂಡ ರೈಲ್ವೆಯವರು. ಎಪ್ಪತ್ತರ ದಶಕದ ನಡುವೆ ಹುಬ್ಬಳ್ಳಿಯಿಂದ ಬರೋಡಾಕ್ಕೆ ಬಂದೆವು. ಎರಡು ವರ್ಷದಲ್ಲಿ ವಾಪಸು ಹೋಗೋಣ ಎಂದು ಟ್ರಂಕುಗಳನ್ನು ಪೂರ್ತಿ ಬಿಚ್ಚಿರಲಿಲ್ಲ, ಆಮೇಲೆ ಅಲ್ಲೇ ಬೇರುಬಿಟ್ಟೆವು. ಬಂದ ಹೊಸತರಲ್ಲಿ ಎಲ್ಲಿ ಹೋದರೂ ಸಿಹಿ. ಬೇಳೆಗೆ ಬೆಲ್ಲ, ಪಲ್ಯಕ್ಕೆ ಸಕ್ಕರೆ, ನಾಲಿಗೆ ಸತ್ತೇ ಹೋಯಿತು ಅನ್ನುವಾಗ ಯಾರೋ ಅಣ್ಣನ ಕ್ಯಾಂಟೀನಿನ ದಾರಿ ತೋರಿಸಿದರು. ಅಲ್ಲೂ ಸಾಂಬಾರಿಗೆ ಬೆಲ್ಲ! ನಾನು ಒಂದು ತುತ್ತು ಬಾಯಿಗಿಟ್ಟು ಲೋಟ ಕುಕ್ಕಿ, ಇದೇನ್ರೀ ಸಾಂಬಾರೋ ಪಾಯಸವೋ ಎಂದು ಕೇಳಿಬಿಟ್ಟೆ. ಅವರು ಒಳಗೆ ಹೋಗಿ ಇನ್ನೊಂದು ಪಾತ್ರೆಯಿಂದ ಬಡಿಸಿದರು. ನಮ್ಮ ಕಡೆಯವರಿಗೆಂದು ಹಿಂದುಗಡೆ ಬೇರೆ ಪಾತ್ರೆ ಇಡುತ್ತಿದ್ದರಂತೆ. ಕಾರ್ಖಾನೆಯ ಹುಡುಗರು ಬೆಲ್ಲದ್ದೇ ಕೇಳುತ್ತಾರೆ, ಹೊಟ್ಟೆ ಅವರದು, ಆಯ್ತಲ್ಲ ಎಂದರು.

ಆ 'ಆಯ್ತಲ್ಲ' ಅವರ ಮಾತಿನ ಬಾಗಿಲು. ಅದನ್ನು ಹೇಳಿದರೆ ಮುಂದೆ ಮಾತಿಲ್ಲ. ಕಟ್ಟಿಗೆ ಒದ್ದೆಯಾದರೂ ಆಯ್ತಲ್ಲ, ಪಕ್ಕದ ಪಾನ್ ಅಂಗಡಿಯವನು ಜಗಳಕ್ಕೆ ಬಂದರೂ ಆಯ್ತಲ್ಲ. ಸಣ್ಣ ಆಳು, ಕಿವಿಯ ಮೇಲೆ ಕೂದಲು, ಸೊಂಟದಲ್ಲಿ ಒಂದು ಒದ್ದೆ ಬಟ್ಟೆ. ಲೋಟ ತೊಳೆದು ಬಂದಿದ್ದರೂ ಹೆಬ್ಬೆರಳಿನಿಂದ ಅದರ ಅಂಚನ್ನು ಒಂದು ಸುತ್ತು ಒರೆಸಿಯೇ ಕಾಫಿ ಹಾಕುತ್ತಿದ್ದರು. ನನಗೆ ಅದು ಹೇಸಿಗೆ, ಎಷ್ಟು ಸಲ ಬೈದೆನೋ. ಕೇಳಿಸಿಕೊಂಡು ನನ್ನ ಲೋಟವನ್ನೂ ಹಾಗೇ ಒರೆಸಿ ಕೊಡುತ್ತಿದ್ದರು.

ಇನ್ನೊಂದು ಅಭ್ಯಾಸವಿತ್ತು. ವಡೆ ಕಟ್ಟಿಕೊಡುವಾಗ ಹಳೇ ಪೇಪರಿನ ಹಾಳೆಯನ್ನು ಎರಡೂ ಬದಿ ತಿರುಗಿಸಿ ನೋಡುತ್ತಿದ್ದರು. ಸಿನೆಮಾ ಜಾಹೀರಾತು ಇದ್ದರೆ ಆ ತುಂಡನ್ನು ಹರಿದು ಒಲೆಗೆ ಹಾಕಿ, ಉಳಿದದ್ದರಲ್ಲಿ ಕಟ್ಟುತ್ತಿದ್ದರು. ಕ್ಯಾಂಟೀನಿನ ಗೋಡೆಯಲ್ಲಿ ದೇವರ ಕ್ಯಾಲೆಂಡರ್ ಬಿಟ್ಟರೆ ಬೇರೆ ಇಲ್ಲ. ಪಂಪ್ ಕಂಪನಿಯವರು ನಟಿಯ ಚಿತ್ರ ಇರುವ ಕ್ಯಾಲೆಂಡರ್ ತಂದುಕೊಟ್ಟರೆ ಅದನ್ನು ಗೋಡೆಗೆ ಮುಖಮಾಡಿ ತೂಗುಹಾಕಿ ಹಿಂದಿನ ಬಿಳಿಹಾಳೆಯ ಮೇಲೆ ಹಾಲಿನ ಲೆಕ್ಕ ಬರೆಯುತ್ತಿದ್ದರು. ಇಂಥವರಿಗೆ ಕಾರ್ಖಾನೆಯ ಹುಡುಗರು ಇಟ್ಟ ಹೆಸರು ಪಿಕ್ಚರ್‌ವಾಲಾ ಅಣ್ಣಾ!

ಯಾಕೆಂದರೆ ಗುಜರಾತಿನಲ್ಲಿ ಹತ್ತು ಮನೆಗೊಬ್ಬ ಫಾರಿನ್ನಿನಲ್ಲಿರುತ್ತಾನೆ. ಒಬ್ಬನ ಅಣ್ಣ ನೈರೋಬಿ, ಇನ್ನೊಬ್ಬನ ಮಾವ ಲಂಡನ್, ಮತ್ತೊಬ್ಬನ ಭಾವ ಮಸ್ಕತ್. ಅವರು ಊರಿಗೆ ಬರುವಾಗ ಇಲ್ಲಿಯವರು ವಾಚು, ಟೇಪ್ ರೆಕಾರ್ಡರ್, ಸೆಂಟು, ನೈಲಾನ್ ಸೀರೆ ಹೇಳಿ ಕಳಿಸುತ್ತಾರೆ. ಅಣ್ಣ ಎಲ್ಲರ ಹತ್ತಿರವೂ ಒಂದನ್ನೇ ಕೇಳುತ್ತಿದ್ದರು. ಆ ಒಂದು ಹಿಂದಿ ಸಿನೆಮಾ, ಇಲ್ಲಿ ಒಂದು ವಾರವೂ ಸರಿಯಾಗಿ ಓಡದೆ ಡಬ್ಬ ಸೇರಿದ್ದು, ಹೊರದೇಶದಲ್ಲಿ ಎಲ್ಲಿ ಓಡಿದ್ದರೂ ಅಲ್ಲಿಯ ಪೋಸ್ಟರು, ಥಿಯೇಟರಿನ ಬಾಗಿಲಲ್ಲಿ ಗಾಜಿನ ಹಿಂದೆ ಅಂಟಿಸುವ ಲಾಬಿ ಕಾರ್ಡು, ಹಂಚುವ ಪುಸ್ತಿಕೆ, ಹರಿದಿದ್ದರೂ ಸರಿ. ಇಲ್ಲಿಯ ಪೋಸ್ಟರ್ ತಂದುಕೊಟ್ಟರೆ ಮುಟ್ಟುತ್ತಿರಲಿಲ್ಲ, ಫಾರಿನ್ನಿನದೇ ಆಗಬೇಕು. ಹುಡುಗರು ಕುಚೋದ್ಯ ಮಾಡುತ್ತಿದ್ದರು. ಅಣ್ಣಾಗೆ ಹೀರೋಯಿನ್ ಮೇಲೆ ಮನಸ್ಸಾಗಿದೆ, ಭಾಭಿಗೆ ಹೇಳಬೇಡಿ ಎಂದು ನಗುತ್ತಿದ್ದರು. ಅವರೂ ಜೊತೆಗೆ ನಗುತ್ತಿದ್ದರು.

ನನಗೆ ಇಂಗ್ಲಿಷ್ ಬರುತ್ತದೆಂದು ಗೊತ್ತಾದ ಮೇಲೆ ಕಾಗದ ಬರೆಸಲು ಶುರುಮಾಡಿದರು. ದಾರ್ ಎಸ್ ಸಲಾಮಿನ ಥಿಯೇಟರಿಗೆ, ಬೇರೂತಿನ ಯಾವುದೋ ಹಂಚಿಕೆದಾರನಿಗೆ, ಫಿಜಿಗೆ. ದಯವಿಟ್ಟು ಇರುವುದೆಲ್ಲವನ್ನೂ ಕಳಿಸಿ ಎಂದೇ ಬರೆಯಬೇಕು, 'ಎಲ್ಲ' ಎಂಬುದರ ಕೆಳಗೆ ಗೆರೆ. ಒಂದು ದಿನ ನನಗೆ ತಲೆಕೆಟ್ಟಿತು. ಮನೆಯಲ್ಲಿ ಬಟ್ಟೆ ಒಗೆಯುವುದು ಬಿಟ್ಟು ಬಂದು ಇವರ ಸಿನೆಮಾ ಶೋಕಿಗೆ ಕಾಗದ ಬರೆಯುತ್ತ ಕೂತಿದ್ದೇನಲ್ಲ ಎನ್ನಿಸಿ ಪೆನ್ನು ಮುಚ್ಚಿಟ್ಟೆ. "ಯಾಕ್ರೀ ಅಣ್ಣಾ, ವಯಸ್ಸಿಗೆ ಬರೋ ಮಗ ಇದ್ದಾನ, ಏನಿದು ಹುಡುಗಾಟ? ಏನೈತ್ರಿ ಅದರಾಗ?" ಎಂದೆ.

ಅವರು ಕಾಫಿ ಆರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಅದರಲ್ಲಿ ನಮ್ಮ ಮನೆಯವಳಿದ್ದಾಳೆ ಅಮ್ಮ" ಎಂದರು.

ಅವರು ಹೇಳಿದ್ದು ಇಷ್ಟು. ಅವರ ಹೆಂಡತಿ, ನಮಗೆಲ್ಲ ಅತ್ತಿಗೆ, ಹುಟ್ಟಿ ಬೆಳೆದದ್ದು ಬೊಂಬಾಯಿಯಲ್ಲಿ. ಅಪ್ಪ ಅಲ್ಲೊಂದು ಹೋಟೆಲಿನ ಅಡಿಗೆಯವರು, ಕಾಯಿಲೆ ಬಿದ್ದು ಮೂಲೆ ಹಿಡಿದಿದ್ದರು. ಚಾಳಿನಲ್ಲಿದ್ದ ಒಬ್ಬ, ಸಿನೆಮಾಗಳಿಗೆ ಗುಂಪಿನ ಜನರನ್ನು ಒದಗಿಸುವವನು, ಒಂದು ದಿನದ ಕೆಲಸವೆಂದು ಹುಡುಗಿಯನ್ನು ಕರೆದುಕೊಂಡು ಹೋದ. ಹೊಳೆಯಲ್ಲಿ ಮೀಯುವ ಒಂದು ದೃಶ್ಯ. ನಾಯಕಿ ನೀರಿಗಿಳಿಯುವುದಿಲ್ಲ ಎಂದಿದ್ದಳಂತೆ, ಅವಳ ಬದಲು ಇವಳು ನಿಲ್ಲಬೇಕು, ಬೆನ್ನು ಮಾತ್ರ ಬರುತ್ತದೆ, ಮುಖ ಬರುವುದಿಲ್ಲ ಎಂದರಂತೆ. ಒಂದು ತೆಳುವಾದ ಬಿಳಿ ಸೀರೆ ಕೊಟ್ಟರು. ಸಿನೆಮಾ ವರ್ಷಗಟ್ಟಲೆ ಡಬ್ಬದಲ್ಲಿ ಕೂತು ಹೊರಗೆ ಬಂದಾಗ ನಮ್ಮ ಸೆನ್ಸಾರಿನವರು ಆ ದೃಶ್ಯವನ್ನು ಕತ್ತರಿಸಿ ಎಸೆದರು. ಹೊರದೇಶಕ್ಕೆ ಹೋದ ಪ್ರತಿಗಳಲ್ಲಿ ಅದು ಉಳಿಯಿತು. ಅಷ್ಟೇ ಆಗಿದ್ದರೆ ಬೆನ್ನು ಯಾರದೆಂದು ಯಾರಿಗೆ ಗೊತ್ತು? ಆದರೆ ಆಚೆ ದಡದಲ್ಲಿ ಸ್ಟಿಲ್ ಫೋಟೋ ತೆಗೆಯುವವನೊಬ್ಬ ನಿಂತಿದ್ದ. ಅವನು ಮುಂದಿನಿಂದ ತೆಗೆದ. ಹೊರದೇಶದ ಥಿಯೇಟರಿನ ಬಾಗಿಲಲ್ಲಿ ಜನ ಸೇರಿಸಲು ಆ ಫೋಟೋಗಳನ್ನೇ ಹಾಕಿದರು.

ಇದು ಇಷ್ಟರಲ್ಲೇ ಎಲ್ಲೋ ಮುಳುಗಿ ಹೋಗುತ್ತಿತ್ತು. ಆದರೆ ನೈರೋಬಿಯಿಂದ ಬಂದ ಗಿರಾಕಿಯೊಬ್ಬ, ಅಣ್ಣನಿಗೆ ಮಸ್ತ್ ಚೀಜು ತಂದಿದ್ದೇನೆ ಎಂದು, ಅದರಲ್ಲಿರುವುದು ಯಾರೆಂದು ತಿಳಿಯದೆ, ಒಂದು ಲಾಬಿ ಕಾರ್ಡನ್ನು ಕೌಂಟರಿನ ಮೇಲೆ ಇಟ್ಟ. ಅಣ್ಣ ಮುಖ ಗುರುತು ಹಿಡಿದರು. ಅಷ್ಟು ಹೊತ್ತಿಗೆ ಮದುವೆಯಾಗಿ, ಮಗ ಶಾಲೆಗೆ ಹೋಗುತ್ತಿದ್ದ.

ಅತ್ತಿಗೆಯನ್ನು ಕೇಳಿದಿರಾ ಎಂದು ಮೆಲ್ಲಗೆ ವಿಚಾರಿಸಿದೆ. "ಕೇಳಿದೆ. ಹೌದು ಅಂದಳು. ಆಯ್ತಲ್ಲ ಅಂದೆ. ಮತ್ತೆ ಆ ಮಾತು ನಮ್ಮಲ್ಲಿ ಬರಲಿಲ್ಲ. ಅವಳ ತಪ್ಪು ಎಂತ ಉಂಟು ಅಮ್ಮ? ಜಗತ್ತು ಕಾಂಬುದಾದರೆ ಕಾಣಲಿ, ಅವರಿಗೆ ಅವಳು ಯಾರೋ. ನಮ್ಮ ಮಾಣಿ ಕಣ್ಣಿಗೆ ಬೀಳಬಾರದು. ಅಷ್ಟೇ ನನಗೆ." ಮಾಣಿ ಎಂದರೆ ಅವರ ಕಡೆ ಹುಡುಗ, ಮಗ. ಹೀಗೆ ಹೇಳಿ ನನ್ನ ಲೋಟದ ಅಂಚನ್ನು ಹೆಬ್ಬೆರಳಿನಿಂದ ಒರೆಸಿ ಕಾಫಿ ಕೊಟ್ಟರು. ಆವತ್ತು ನಾನು ಬೈಯಲಿಲ್ಲ.

ಅಲ್ಲಿಂದ ಮುಂದೆ ಅತ್ತಿಗೆಯ ಮುಖ ನೋಡುವುದೇ ನನಗೆ ಕಷ್ಟವಾಯಿತು. ದಪ್ಪಗೆ, ಕನ್ನಡಕ ಹಾಕಿಕೊಂಡು, ಸೊಂಟನೋವಿನಿಂದ ವಾಲಿ ನಡೆಯುತ್ತಿದ್ದ ಹೆಂಗಸು. ಹಿಟ್ಟು ರುಬ್ಬುವುದು, ಮಗನ ಹಿಂದೆ ಊಟಕ್ಕಾಗಿ ಓಡುವುದು, ಇಷ್ಟೇ ಅವರ ಲೋಕ. ಮದುವೆ ಯಾವುದೋ ದೇವಸ್ಥಾನದಲ್ಲಿ ಫೋಟೋ ಇಲ್ಲದೆ ಆಗಿತ್ತು. ಮನೆಯಲ್ಲಿ ಅವರ ಹರೆಯದ ಒಂದು ಚಿತ್ರವೂ ಇರಲಿಲ್ಲ. ಇದ್ದವೆಲ್ಲ ಕ್ಯಾಂಟೀನಿನ ಅಟ್ಟದ ಮೇಲೆ, ಬೀಗ ಹಾಕಿದ ಒಂದು ತಗಡಿನ ಪೆಟ್ಟಿಗೆಯಲ್ಲಿದ್ದವು.

ಸುಟ್ಟುಬಿಡಿ ಎಂದು ನಾನು ಹೇಳಿದ್ದುಂಟು. ಜಾಹೀರಾತಿನ ತುಂಡನ್ನು ದಿನಾ ಒಲೆಗೆ ಹಾಕುವ ಮನುಷ್ಯನಿಗೆ ಇದೇನು ಕಷ್ಟ ಅನ್ನಿಸಿತ್ತು. ಅವರು ನನ್ನ ಕಡೆ ವಿಚಿತ್ರವಾಗಿ ನೋಡಿದರು. ಕುಂಕುಮ ಇಟ್ಟುಕೊಂಡು ಮನೆಯಲ್ಲಿ ಓಡಾಡುವವಳ ಮುಖಕ್ಕೆ ಬೆಂಕಿ ಹಚ್ಚುವುದು ಹೇಗೆ ಎಂದು ಕೇಳಿದರು. ಹರಿಯಲಿಕ್ಕೂ ಕೈ ಬರುವುದಿಲ್ಲವಂತೆ. ಹಾಗಾಗಿ ಬಂದದ್ದೆಲ್ಲ ಪೆಟ್ಟಿಗೆಗೆ.

ಒಮ್ಮೆ ನನ್ನ ಗಂಡನಿಗೆ ಸೂರತ್ತಿನಲ್ಲಿ ಕೆಲಸವಿತ್ತು, ನಾನೂ ಸೀರೆ ನೋಡಲೆಂದು ಹೊರಟೆ. ಅಣ್ಣನೂ ಜೊತೆಗೆ ಬಂದರು. ವರಾಛಾದಲ್ಲಿ ಒಬ್ಬ ಹೀರಾ ಶೇಠ್, ವಜ್ರ ಉಜ್ಜುವ ಕಾರ್ಖಾನೆ ಇಟ್ಟವನು, ವ್ಯಾಪಾರಕ್ಕೆ ಬೆಲ್ಜಿಯಂಗೆ ಹೋಗಿಬರುತ್ತಿದ್ದ. ಅವನಿಗೆ ಅಲ್ಲಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಈ ಸಿನೆಮಾದ ಫ್ರೆಂಚ್ ಅಕ್ಷರದ ಪೋಸ್ಟರ್ ಸಿಕ್ಕಿದೆಯೆಂದು ಸುದ್ದಿ ಬಂದಿತ್ತು. ಇಕ್ಕಟ್ಟು ಮೆಟ್ಟಿಲು ಹತ್ತಿ ಹೋದರೆ ಒಂದು ಉದ್ದ ಕೋಣೆ. ನೆಲದ ಮೇಲೆ ಸಾಲಾಗಿ ಗಂಡಸರು, ನಡುವೆ ತಿರುಗುವ ಚಕ್ರಗಳು, ಕಿವಿ ತೂತಾಗುವ ಕಿರ್ರೆನ್ನುವ ಸದ್ದು. ಅವರೆಲ್ಲರ ತಲೆಯ ಮೇಲೆ ಗೋಡೆಯಲ್ಲಿ ಆ ಪೋಸ್ಟರ್ ಇತ್ತು.

ನಾನು ಆ ಚಿತ್ರಗಳಲ್ಲಿ ಒಂದನ್ನು ನೋಡಿದ್ದು ಆವತ್ತೇ ಮೊದಲು. ಅದು ಹೇಗಿತ್ತೆಂದು ಬರೆಯುವುದಿಲ್ಲ. ಹುಡುಗಿಗೆ ಹದಿನೆಂಟಿರಬೇಕು, ಕಣ್ಣಲ್ಲಿ ಗಾಬರಿ ಇತ್ತು. ಚಕ್ರದ ಮುಂದೆ ಕೂತವರು ಕೆಲಸದ ನಡುವೆ ಕತ್ತು ಎತ್ತಿ ಅದನ್ನೊಮ್ಮೆ ನೋಡಿ ಮತ್ತೆ ಬಗ್ಗುತ್ತಿದ್ದರು. ಅಣ್ಣ ಬಾಗಿಲಲ್ಲೇ ನಿಂತುಬಿಟ್ಟರು. ಶೇಠ್ ಒಳ್ಳೆಯವನೇ, ಕೂರಿಸಿ ಚಹಾ ಕೊಟ್ಟ. ಆದರೆ ಪೋಸ್ಟರ್ ಕೊಡುವುದಿಲ್ಲ ಎಂದ. ಮೊದಲು ಇದರ ಕಡೆ ನಾಯಿಯೂ ಮೂಸುತ್ತಿರಲಿಲ್ಲ ಅಣ್ಣಾ, ನೀವು ಹುಡುಕುತ್ತೀರಿ ಎಂದು ಗೊತ್ತಾದ ಮೇಲೆ ಈಗ ನನ್ನಂಥ ಹತ್ತು ಜನ ಹುಡುಕುತ್ತಿದ್ದಾರೆ, ಇದಕ್ಕೆ ಬೆಲೆ ತಂದದ್ದೇ ನೀವು ಎಂದು ಹೊಗಳಿದ. ಅಣ್ಣನ ಮುಖ ಹಿಟ್ಟಿನಂತೆ ಬಿಳಿಚಿಕೊಂಡಿತು.

ಕೊನೆಗೆ ಶೇಠ್ ನಗುತ್ತಲೇ ಒಂದು ಷರತ್ತು ಹಾಕಿದ. ಮಗಳ ಮದುವೆಗೆ ದೋಸೆ ಮಾಡಿಕೊಡಬೇಕು. ಆಗ ಗುಜರಾತಿ ಮದುವೆಗಳಲ್ಲಿ ಮಸಾಲೆ ದೋಸೆಯೆಂದರೆ ದೊಡ್ಡಸ್ತಿಕೆ. ಅಣ್ಣ ಕ್ಯಾಂಟೀನಿಗೆ ಬಾಗಿಲು ಹಾಕಿ, ಹಿಟ್ಟಿನ ಡ್ರಮ್ಮುಗಳೊಂದಿಗೆ ಹೋಗಿ, ಕಿಕ್ಕಿರಿದ ಜನಕ್ಕೆ ಹೆಂಚಿನ ಮುಂದೆ ನಿಂತು ದೋಸೆ ಹುಯ್ದು ಬಂದರು. ಬಂದಾಗ ಮುಂಗೈ ತುಂಬ ಎಣ್ಣೆ ಸಿಡಿದ ಬೊಬ್ಬೆ. ಬಗಲಲ್ಲಿ ಸುರುಳಿ ಸುತ್ತಿದ ಪೋಸ್ಟರ್. ಅತ್ತಿಗೆ ಏನೂ ಕೇಳದೆ ಬೊಬ್ಬೆಗಳಿಗೆ ಬೆಣ್ಣೆ ಸವರಿದರು. ನಾನು ಅಲ್ಲೇ ಕೂತಿದ್ದೆ. ಎಂಥ ಗಂಡ ಇವರಿಗೆ ಸಿಕ್ಕಿದ್ದಾನೆ ಎಂದು ನನಗೆ ಹೊಟ್ಟೆಕಿಚ್ಚೇ ಆಯಿತು.

ಮಗನ ಬಗ್ಗೆ ಹೇಳಬೇಕು. ಅಣ್ಣ ಕನ್ನಡ ಬಿಟ್ಟು ಮಗನ ಜೊತೆ ಬೇರೆ ಮಾತಾಡುತ್ತಿರಲಿಲ್ಲ, ಮಗ ಗುಜರಾತಿ ಬಿಟ್ಟು ಬೇರೆ ಉತ್ತರ ಕೊಡುತ್ತಿರಲಿಲ್ಲ. ಹಾಗೇ ನಡೆಯುತ್ತಿತ್ತು. ನಮ್ಮ ಮಕ್ಕಳದೂ ಅದೇ ಹಾಡು, ಅವರನ್ನು ಅನ್ನುವ ಬಾಯಿ ನನಗಿಲ್ಲ. ಒಳ್ಳೆಯ ಹುಡುಗ, ಚುರುಕು. ಅಹಮದಾಬಾದಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಅಪ್ಪನ ಸಿನೆಮಾ ಹುಚ್ಚು ಅವನಿಗೂ ಗೊತ್ತು, ಅದರ ಬಗ್ಗೆ ಅವನಿಗೆ ಒಂಥರ ಹೆಮ್ಮೆ. ಸ್ನೇಹಿತರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಪೆಟ್ಟಿಗೆ ತೋರಿಸಿ ಎಂದರೆ ಅಣ್ಣ ನಿನ್ನ ಓದು ಮುಗಿಯಲಿ ಎನ್ನುತ್ತಿದ್ದರು.

ಆಮೇಲೆ ವಿಡಿಯೋ ಬಂತು. ಎಂಬತ್ತರ ದಶಕದಲ್ಲಿ ಸಂದಿಗೊಂದು ವಿಡಿಯೋ ಲೈಬ್ರರಿ, ರಾತ್ರಿಗಿಷ್ಟು ಎಂದು ಬಾಡಿಗೆ. ಆ ಸಿನೆಮಾದ ಕ್ಯಾಸೆಟ್ ದುಬೈಯಿಂದ ಬಂದಿದೆಯಂತೆ, ಹೊರದೇಶದ ಪ್ರತಿಯಂತೆ, ಏನೂ ಕತ್ತರಿಸಿಲ್ಲವಂತೆ ಎಂದು ಕ್ಯಾಂಟೀನಿನ ಹುಡುಗನೊಬ್ಬ ಸಂಭ್ರಮದಿಂದ ಬಂದು ಹೇಳಿದ. ಅಣ್ಣನಿಗೆ ಖುಷಿಯಾಗುತ್ತದೆಂದೇ ಹೇಳಿದ್ದು, ಪಾಪ. ಅಣ್ಣ ಕೌಂಟರಿನ ಹಿಂದಿನ ಸ್ಟೂಲಿನಲ್ಲಿ ಕೂತರು. ಇಷ್ಟು ವರ್ಷ ಇದನ್ನೆಲ್ಲ ಎಂತಕ್ಕೆ ಹೊತ್ತೆನೋ ಎಂದು ನನ್ನ ಹತ್ತಿರ ಅಂದರು. ಕಾಗದವಾದರೆ ಹಿಡಿದಿಡಬಹುದು, ಇದನ್ನು ಹಿಡಿಯುವುದು ಹೇಗೆ ಎಂದು ಕೇಳಿದರು. ಆಗಿನಿಂದ ಅವರು ಕಾಗದ ಬರೆಸುವುದನ್ನು ನಿಲ್ಲಿಸಿದರು. ಮಾತೂ ಕಡಿಮೆಯಾಯಿತು. ಹೆಂಚಿನ ಮುಂದೆ ನಿಂತು ದೋಸೆ ಸೀದರೂ ಗೊತ್ತಾಗುತ್ತಿರಲಿಲ್ಲ.

ಪೆಟ್ಟಿಗೆಗೊಂದು ದಾರಿ ಅವರು ಯೋಚಿಸಿದ್ದರು. ಮೂಲೆಯಲ್ಲೊಬ್ಬ ಗುಜರಿಯವನಿದ್ದ. ಅವನು ರದ್ದಿ ಕಾಗದವನ್ನು ರಟ್ಟಿನ ಕಾರ್ಖಾನೆಗೆ ಹಾಕುವವನು, ಅಲ್ಲಿ ದೊಡ್ಡ ತೊಟ್ಟಿಯಲ್ಲಿ ನೆನೆಸಿ ಅಂಬಲಿ ಮಾಡುತ್ತಾರೆ. ಬೆಂಕಿಗಿಂತ ನೀರು ವಾಸಿ, ಗಣಪತಿಯನ್ನೂ ನೀರಿಗೇ ಬಿಡುತ್ತೇವಲ್ಲ ಎಂದಿದ್ದರು. ಇವತ್ತು ನಾಳೆ ಎನ್ನುವಷ್ಟರಲ್ಲಿ ಒಂದು ಬೆಳಿಗ್ಗೆ ಇಡ್ಲಿ ಪಾತ್ರೆ ಇಳಿಸುವಾಗ ಎದೆ ಹಿಡಿದುಕೊಂಡು ಕುಸಿದರು.

ಆಸ್ಪತ್ರೆಯಲ್ಲಿ ನಾನಿದ್ದೆ. ಶನಿವಾರ ಮಗ ಅಹಮದಾಬಾದಿನಿಂದ ಓಡಿಬಂದ. ಅತ್ತಿಗೆ ಔಷಧಿ ತರಲು ಕೆಳಗೆ ಹೋಗಿದ್ದರು. ಅಣ್ಣ ಮಗನ ಕೈ ಹಿಡಿದು, ಉಸಿರು ಕಟ್ಟಿ ಕಟ್ಟಿ, "ಅಟ್ಟದ ಮೇಲಿನ ಪೆಟ್ಟಿಗೆ. ಬೀಗ ತೆಗೀಬೇಡ. ಹಾಗೇ ಗುಜರಿಗೆ ಹಾಕು. ಇವತ್ತೇ" ಎಂದರು. ಹುಡುಗ ತಲೆಯಾಡಿಸಿದ. ನನ್ನ ಎದುರಿಗೇ ಆದ ಮಾತು. ನಾವು ಕನ್ನಡದವರು, ಗುಜರಿ ಎಂದರೆ ನಮಗೆ ರದ್ದಿ, ತುಕ್ಕು, ಮುರುಕು. ನನ್ನ ಕಿವಿಗೆ ಬೇರೆ ಏನೂ ಕೇಳಿಸಲಿಲ್ಲ.

ಆದರೆ ಬರೋಡಾದಲ್ಲಿ ಹುಟ್ಟಿದ ಹುಡುಗನಿಗೆ ರದ್ದಿ ಎಂದರೆ ಪಸ್ತೀ, ಮುರುಕು ಎಂದರೆ ಭಂಗಾರ. ಗುಜರೀ ಎಂದರೆ ಒಂದೇ ಒಂದು. ಅಹಮದಾಬಾದಿನಲ್ಲಿ, ಸೇತುವೆಯ ಕೆಳಗೆ, ಒಣಗಿದ ಸಾಬರಮತಿಯ ಮರಳಿನ ಮೇಲೆ ಪ್ರತಿ ಭಾನುವಾರ ಸೇರುವ ಸಂತೆ. ಊರಿಗೆ ಊರೇ ಅಲ್ಲಿ ಬಂದು ನಿಲ್ಲುತ್ತದೆ. ಅವನು ಹಳೇ ಪುಸ್ತಕಕ್ಕೆ ವಾರವಾರ ಹೋಗುವ ಜಾಗ.

ಆ ರಾತ್ರಿಯೇ ಪೆಟ್ಟಿಗೆ ಹೊತ್ತು ಅಹಮದಾಬಾದಿಗೆ ಹೋಗಿದ್ದ ಹುಡುಗ ಭಾನುವಾರ ಸಂಜೆ ವಾಪಸು ಬಂದ. ಮುಖದಲ್ಲಿ ಬಿಸಿಲು, ಬಟ್ಟೆಯಲ್ಲಿ ಮರಳು, ಕಣ್ಣು ಹೊಳೆಯುತ್ತಿತ್ತು. ಅಪ್ಪನನ್ನು ಖುಷಿಪಡಿಸಬೇಕೆಂದು, ಎಂದೂ ಆಡದವನು ಆವತ್ತು ಕನ್ನಡದಲ್ಲೇ ಆಡಿದ. "ಪಪ್ಪಾ, ನೀನು ಹೇಳಿದ್ದು ಆಯ್ತು. ಗುಜರಿಗೆ ಹಾಕಿದೆ. ಎಲ್ಲ ಹೋಯ್ತು."

ಅಣ್ಣ ಕಣ್ಣು ಮುಚ್ಚಿ ನಿಟ್ಟುಸಿರು ಬಿಟ್ಟರು. ಆಗ ಹುಡುಗ ಗುಜರಾತಿಗೆ ಹೊರಳಿ ಪೂರ್ತಿ ಕತೆ ಹೇಳಿದ. ಬೀಗ ಒಡೆಯಲೇಬೇಕಾಯಿತಂತೆ, ಮುಚ್ಚಿದ ಪೆಟ್ಟಿಗೆ ಯಾರು ಕೊಳ್ಳುತ್ತಾರೆ. ಮರಳಿನ ಮೇಲೆ ತಾಡಪಾಲು ಹಾಸಿ, ಎರಡು ಬೊಂಬಿಗೆ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಒಂದೊಂದನ್ನೂ ತೂಗುಹಾಕಿದನಂತೆ. ಜನ ಮುತ್ತಿಕೊಂಡರಂತೆ. ಇಂಥ ಸಂಗ್ರಹ ಹಿಂದೂಸ್ತಾನದಲ್ಲೇ ಇಲ್ಲ ಎಂದು ಒಬ್ಬರು ಅಪ್ಪನ ಹೆಸರು ಕೇಳಿ ಬರೆದುಕೊಂಡರಂತೆ. ಸೂರತ್ತಿನವನೊಬ್ಬ ಒಂದು ಕಟ್ಟನ್ನೇ ಒಯ್ದನಂತೆ. ತಾನು ಕೂಗಿ ಕೂಗಿ ಮಾರಿದೆ ಎಂದು ಗಂಟಲು ಮುಟ್ಟಿ ತೋರಿಸಿದ.

ನಾನು ಅಣ್ಣನ ಮುಖ ನೋಡಲಾರದೆ ಸಲೈನ್ ಬಾಟಲಿಯನ್ನೇ ನೋಡುತ್ತ ನಿಂತೆ. ಹುಡುಗ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿದ್ದಾನೆ. ಯಾರೆಂದು ಗೊತ್ತಾಗಿಲ್ಲ. ದೇವರೇ, ಗೊತ್ತಾಗದಿದ್ದದ್ದು ಒಳ್ಳೆಯದೋ ಕೆಟ್ಟದ್ದೋ ಇವತ್ತಿಗೂ ನನಗೆ ತಿಳಿಯದು. ಅವನು ಮುಖ ತೊಳೆಯಲು ಹೊರಗೆ ಹೋದಾಗ ಅಣ್ಣ ನನ್ನನ್ನು ಕರೆದರು. "ಅವನಿಗೆ ಎಂತ ಹೇಳಬೇಡಿ. ನಾನು ಹೇಳಿದ್ದನ್ನೇ ಮಾಡಿದ್ದಾನೆ" ಎಂದರು. ಆಯ್ತಲ್ಲ ಎನ್ನುತ್ತಾರೇನೋ ಎಂದು ಕಾದೆ. ಅನ್ನಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು. ಆ ವಾರ ಕಳೆಯುವುದರೊಳಗೆ ಹೋಗಿಬಿಟ್ಟರು.

ವೈಕುಂಠ ಸಮಾರಾಧನೆಗೆ ಮೂರೂ ಊರಿನ ಕನ್ನಡದವರು ಬಂದಿದ್ದರು. ಬ್ಯಾಂಕಿನವರು, ರೈಲ್ವೆಯವರು, ಸೂರತ್ತಿನ, ಅಹಮದಾಬಾದಿನ ಹೋಟೆಲಿನವರು. ಬಡಿಸಲು ನಾವು ನಾಲ್ಕು ಹೆಂಗಸರು ಸೊಂಟ ಕಟ್ಟಿದ್ದೆವು. ಎಲೆ ಹಾಕಿ ಜನ ಕೂತಾಗ ಹೊರಗಿನ ಕೋಣೆಯಿಂದ ಜೋರು ಮಾತು ಕೇಳಿಸಿತು. ಹೋಗಿ ನೋಡಿದರೆ ಅಣ್ಣನ ಫೋಟೋಕ್ಕೆ ಹಾರ ಹಾಕಿ ಕುರ್ಚಿಯ ಮೇಲೆ ಇಟ್ಟಿದ್ದಾರೆ, ಅದರ ಹಿಂದೆ ಗೋಡೆಯಲ್ಲಿ ಒಂದು ಪೋಸ್ಟರ್. ಎಲ್ಲ ಮಾರಿದರೂ ಹುಡುಗ ಒಂದನ್ನು ಅಪ್ಪನ ನೆನಪಿಗೆಂದು ಉಳಿಸಿಕೊಂಡು, ಕಟ್ಟು ಹಾಕಿಸಿ ತಂದಿದ್ದ. ಬೇರೂತಿನದು, ಬಣ್ಣದಲ್ಲಿ ಬರೆದದ್ದು. ಉಳಿದವುಗಳಂತಲ್ಲ, ಕುತ್ತಿಗೆಯ ತನಕ ನೀರು, ಒದ್ದೆ ಕೂದಲು, ಬರೀ ಒಂದು ದೊಡ್ಡ ಮುಖ. ಮೇಲೆ ಅರಬ್ಬೀ ಅಕ್ಷರ.

ಪುರೋಹಿತರು ಕೆಂಡವಾಗಿದ್ದರು. ಶುಭಸ್ವೀಕಾರದ ದಿನ ಇದೇನು ಉರ್ದು ಬೋರ್ಡು, ತೆಗೆದುಹಾಕಿ ಎನ್ನುತ್ತಿದ್ದರು. ಆ ವರ್ಷ ಹಿಂದೂ ಮುಸ್ಲಿಂ ಗಲಭೆಯಿಂದ ಅಹಮದಾಬಾದಿನಲ್ಲಿ ಕರ್ಫ್ಯೂ ಹಾಕುವುದು ತೆಗೆಯುವುದು ನಡೆದೇ ಇತ್ತು, ಅವರ ಕೋಪಕ್ಕೆ ಕೂತವರಲ್ಲಿ ಕೆಲವರು ತಲೆಯಾಡಿಸಿದರು. ಹುಡುಗನೂ ಬಿಡಲಿಲ್ಲ. ನನ್ನ ಅಪ್ಪನ ಪ್ರೀತಿಯ ಸಿನೆಮಾ, ಇಡೀ ಜನ್ಮ ಇದನ್ನು ಕೂಡಿಸಿದರು, ಇವತ್ತು ಇದು ಇಲ್ಲೇ ಇರುತ್ತದೆ ಎಂದು ಗೋಡೆಗೆ ಬೆನ್ನು ಕೊಟ್ಟು ನಿಂತ. ಜಗಳವೆಲ್ಲ ಅಕ್ಷರದ ಮೇಲೆ. ಆ ಮುಖವನ್ನು ಯಾರೂ ನೋಡುತ್ತಿರಲಿಲ್ಲ.

ಅತ್ತಿಗೆ ಒಳಕೋಣೆಯಿಂದ ಬಂದರು. ಬರಿಯ ಹಣೆ. ಗೋಡೆ ಹಿಡಿದುಕೊಂಡು ಪೋಸ್ಟರಿನ ಎದುರಿಗೆ ಬಂದು ನಿಂತು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಬಹಳ ಹೊತ್ತು ನೋಡಿದರು. ಮಗ ಸೋತ ದನಿಯಲ್ಲಿ ಅಮ್ಮನ ಹತ್ತಿರ ನ್ಯಾಯ ಕೇಳಿದ. ಅವರು ಅವನೊಂದಿಗೆ ಎಂದೂ ಗುಜರಾತಿ ಆಡಿದವರಲ್ಲ. ಈ ಸಲ 'ಇದನ್ನಾದರೂ ಇವನು ತಪ್ಪು ತಿಳಿಯದಿರಲಿ' ಎಂದೋ ಏನೋ, ಗುಜರಾತಿಯಲ್ಲಿ ಹೇಳಿದರು.

"ಬೇಟಾ, ಏ ಹುಂ ಛುಂ."

ಅದು ನಾನು ಎಂದರ್ಥ. ಅಲ್ಲಿದ್ದವರಿಗೆಲ್ಲ ಅಷ್ಟು ಗುಜರಾತಿ ಬರುತ್ತಿತ್ತು. ಹುಡುಗ ಗೋಡೆಯ ಕಡೆ ತಿರುಗಿದ, ಮತ್ತೆ ಅಮ್ಮನ ಕಡೆ ತಿರುಗಿದ. ಮರಳಿನ ಮೇಲೆ ಹಗ್ಗಕ್ಕೆ ಸಿಕ್ಕಿಸಿದ್ದು ಒಂದೊಂದೂ ಅವನಿಗೆ ಆಗ ಕಂಡಿರಬೇಕು. ಪೋಸ್ಟರನ್ನು ಕಿತ್ತೆಸೆಯಲು ಕೈ ಹಾಕಿದ. ಅತ್ತಿಗೆ ಅವನ ರಟ್ಟೆ ಹಿಡಿದರು. ಎಲೆಯ ಮುಂದೆ ಜನ ಕೂತಿದ್ದಾರೆ, ಊಟ ಮುಗಿಯಲಿ ಎಂದರು. ಪುರೋಹಿತರು ಉತ್ತರೀಯ ಸರಿಮಾಡಿಕೊಂಡು ತಮ್ಮ ಎಲೆಗೆ ಹೋದರು.

ಬಡಿಸಿದೆವು. ಅಷ್ಟು ಜನ ಉಂಡರು, ಒಬ್ಬರೂ ಎಲೆಯಿಂದ ಕತ್ತು ಎತ್ತಲಿಲ್ಲ. ಹುಡುಗ ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತ, ಊಟಕ್ಕೆ ಬರಲಿಲ್ಲ.

ನಾನು ಸಾರಿನ ಪಾತ್ರೆ ಕೆಳಗಿಟ್ಟು ಅತ್ತಿಗೆಯ ಹತ್ತಿರ ಹೋದೆ. ಅವರು ಇನ್ನೂ ಅಲ್ಲೇ ನಿಂತಿದ್ದರು. ಅಳುತ್ತಿರಲಿಲ್ಲ. ಒಳಗೆ ಬನ್ನಿ ಎಂದು ಕೈ ಹಿಡಿದೆ. ಅಣ್ಣ ನಿಮ್ಮ ಮರ್ಯಾದೆಗಾಗಿ ಎಷ್ಟು ಒದ್ದಾಡಿದರು, ಎಲ್ಲಿಂದೆಲ್ಲ ತರಿಸಿ ಮುಚ್ಚಿಟ್ಟರು ಎಂದು ಸಮಾಧಾನಕ್ಕೆ ಏನೋ ಹೇಳಹೊರಟೆ. ಅವರು ಪೋಸ್ಟರಿನಿಂದ ಕಣ್ಣು ತೆಗೆಯಲಿಲ್ಲ.

"ನನಗೆ ಒಂದನ್ನೂ ತೋರಿಸಲಿಲ್ಲ. ಇವತ್ತೇ ನಾನು ನೋಡ್ತಾ ಇರೋದು" ಎಂದರು. ಮತ್ತೆ, "ಬೆಳಗಿನ ಜಾವ ನೀರಿಗೆ ಇಳಿಸಿದ್ರು. ಚಳಿಗಾಲ. ಮಧ್ಯಾಹ್ನದ ತನಕ ಮೇಲೆ ಬರೋಕೆ ಬಿಡಲಿಲ್ಲ. ಇಷ್ಟು ವರ್ಷದಲ್ಲಿ ಒಂದು ದಿನ, ಆವತ್ತು ನಿಂಗೆ ಏನಾಯ್ತು ಅಂತ ಅವರು ಕೇಳಲಿಲ್ಲ" ಎಂದರು.